ಬರ್ದು ಹೊಟ್ಟಿ ತುಂಬತೈತೇನ್ರಿ ಅಕ್ಕಾರ?

ಹೋದ ಸಂಚಿಕ್ಯಾಗ ಮಾತಿಗೆ ಮಾತ ಬಂದು, ಅಂಗಡಿ, ಕಾರ್ಖಾನಿ, ದವಾಖಾನಿಗೆ ಬೇಕಾದ್ದನ್ನ ಬರ್ದುಕೊಟ್ಟು 11 ವರ್ಷದಿಂದ ನನ್ನ ಸಂಸಾರ ನಡದೈತಿ ಅಂತ ಒಂದ ಸಾಲ ಬರ್ದಿದ್ದೆ. ಅಷ್ಟಕ್ಕ ಇಷ್ಟೊಂದ ಪತ್ರ, ವಾಟ್ಸಾಪ್ ಬರ್ತಾವಂತ ನನಗೇನ ಗೊತ್ತು. ಹಪ್ಪಳ ಕೆಂಪಾಗೂದ್ಯಾಕ ಅಂತ ಕೇಳಿದವ್ರು, ಸೊಸಿ ಮಾತಾಡ್ಸಂಗಿಲ್ಲ ಅಂತ ಬರ್ದವ್ರು ಈ ಸಲ ಸಿಟ್ಟಾಗಬ್ಯಾಡ್ರಿ, ಪೂರಾ ಅಂಕಣ ಇದಕ್ಕ ಹೋತು. ಹೆಸರ ಹಾಕಬ್ಯಾಡ್ರಿ ಅಂದವ್ರ ಭಾಳ ಮಂದಿ, ಅದಕ್ಕ ಊರಷ್ಟ ಹಾಕೇನಿ.

ಪ್ರಶ್ನೆ (ಜಮಖಂಡಿ): ಅಕ್ಕಾರ, ನಾನು ಕನ್ನಡ ಎಂ.ಎ. ಮಾಡೇನಿ, ಕಾಲೇಜಿನ್ಯಾಗ ಗೆಸ್ಟ್ ಲೆಕ್ಚರರ್ ಅದೀನಿ. ಕವನ ಬರೀತೀನಿ, ಬಹುಮಾನನೂ ಬಂದಾವ. ಬೆಂಗಳೂರಿಗೆ ಹೋಗೂದ ಆಗಂಗಿಲ್ಲ, ಸಣ್ಣ ಮಕ್ಳದಾವ. ನಮ್ಮ ಕಡಿ ರೊಕ್ಕಾ ಕೊಟ್ಟು ಬರಸ್ಕೊಳ್ಳವ್ರ ಯಾರದಾರ್ರಿ?

ಉತ್ತರ: ತಂಗಿ, ನಾಳೆ ಕಾಲೇಜ್ ಬಿಟ್ಟಮ್ಯಾಲ ಆಟೋ ಹತ್ತಬ್ಯಾಡ, ನಡ್ಕೋತ ಮನಿಗೆ ಹೋಗು, ಹೋಗೂಮುಂದ ಎರಡೂ ಕಡಿ ಬೋರ್ಡ್ ಓದ್ಕೋತ ಹೋಗು. ಸೌಹಾರ್ದ ಸಹಕಾರಿ ಎಷ್ಟ, ಪತ್ತಿನ ಸಂಘ ಎಷ್ಟ, ದವಾಖಾನಿ, ಟ್ಯೂಷನ್ ಕ್ಲಾಸು, ಬೀಜ ಗೊಬ್ಬರದ ಅಂಗಡಿ, ಟ್ರ್ಯಾಕ್ಟರ್ ಶೋರೂಮು. ಇವ್ರೆಲ್ಲಾರೂ ವರ್ಷಕ್ಕ ಒಮ್ಮಿನರ ಏನರ ಒಂದ ಅಚ್ಚ ಹಾಕ್ಸೇ ಹಾಕಸ್ತಾರ. ಆ ಕಾಗದದಾಗಿನ ಮಾತ ಯಾರ ಬರೀತಾರ? ಹೆಚ್ಚಾಗಿ ಯಾರೂ ಬರಿಯಂಗಿಲ್ಲ. ಹೋದ ವರ್ಷದ್ದ ತಗದು ತಾರೀಖ ಬದ್ಲಿ ಮಾಡ್ತಾರ.

ಸುಮ್ನ ಹೇಳಾಕತ್ತಿಲ್ಲ. ನನಗ ಒಂದ ಪತ್ತಿನ ಸಂಘದ ವಾರ್ಷಿಕ ವರದಿ ಕೆಲಸ ಸಿಕ್ಕಿದ್ದ ಹಿಂಗ. ಅವ್ರ 2019-20ರ ವರದಿ ಓದಾಕತ್ತಿದ್ದೆ, ಅದರಾಗ "ಮಳೆಯ ಅಭಾವದಿಂದ ಸಾಲ ವಸೂಲಾತಿ ಕುಂಠಿತಗೊಂಡಿದೆ" ಅಂತ ಇತ್ತು. 2019ರ ಆಗಸ್ಟಿನ್ಯಾಗ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಹೊಳಿ ತುಂಬಿ ಬಂದು ಊರಿಗೂರ ಮುಳಗಿ ಮಂದಿ ಗಂಜಿಕೇಂದ್ರದಾಗ ಕುಂತಿದ್ರು, ಇವ್ರ ವರದ್ಯಾಗ ಮಳಿನ ಇಲ್ಲ! ಸೆಕ್ರೆಟರಿ ಸಾಹೇಬ್ರಿಗೆ ಫೋನ್ ಮಾಡಿ ಆ ಸಾಲ ಓದಿ ತೋರ್ಸಿದೆ. ಅವ್ರು ತುಸು ಹೊತ್ತ ಸುಮ್ನಾಗಿ, ಆಮ್ಯಾಲ ನಕ್ಕು, ಮುಂದಿನ ವರ್ಷದ್ದ ನೀವ ಬರೀರಿ ಅಂದ್ರು. ಇವತ್ತಿಗೂ ಅವ್ರ ಕೆಲಸ ನನ್ನ ಕಡೆನ ಐತಿ. ಸಂಘಗಳ ಸರ್ವಸಾಧಾರಣ ಸಭೆ ಆಗಸ್ಟ್ ಸಪ್ಟೆಂಬರ್‌ದಾಗ ಬರ್ತಾವ, ಅದಕ್ಕ ನೀ ಜೂನ್‌ದಾಗ ಹೋಗಿ ಮಾತಾಡು, ಆಗಸ್ಟಿನ್ಯಾಗ ಹೋದ್ರ ಅವ್ರಿಗೆ ತಲಿ ಕೆರ್ಕೊಳ್ಳಾಕೂ ಪುರಸತ್ತ ಇರಂಗಿಲ್ಲ.

ಕವನದ ಪುಸ್ತಕ ಒಯ್ದ ತೋರಸಬ್ಯಾಡ. ಮೂರ ಮಾದರಿ ಬರ್ಕೊ. ಒಂದ ಅಧ್ಯಕ್ಷರ ಮಾತು, ಒಂದ ದವಾಖಾನಿ ಕರಪತ್ರ, ಒಂದ ಮಹಾಲಿಂಗಪುರದ ಬೆಲ್ಲದ ಪ್ಯಾಕೆಟ್ ಮ್ಯಾಲಿನ ಮಾತು. ಯಾರೂ ಹೇಳದನ ಬರ್ದದ್ದ ಇದ್ರೂ ನಡೀತೈತಿ, ಆದ್ರ ಮ್ಯಾಲ "ಮಾದರಿ" ಅಂತ ಬರಿ, ಕೊಟ್ಟ ಕೆಲಸ ಅಂತ ಸುಳ್ಳ ಹೇಳಬ್ಯಾಡ. ಗೆಸ್ಟ್ ಲೆಕ್ಚರರ್ ಕೆಲಸ ಇಷ್ಟ ಲಗೂನ ಬಿಡಬ್ಯಾಡ, ಆರ ತಿಂಗಳ ಮನಿ ಖರ್ಚ ಬ್ಯಾಂಕಿನ್ಯಾಗ ಕುಂತಮ್ಯಾಲ ನೋಡೂಣು.

ಪ್ರಶ್ನೆ (ಇಳಕಲ್): ಒಂದ ಸೀರಿ ಅಂಗಡಿ ವೆಬ್‌ಸೈಟಿಗೆ ಬರ್ದುಕೊಟ್ಟೆ. "ಸಂಪ್ರದಾಯ ಮತ್ತು ಆಧುನಿಕತೆಯ ಸುಂದರ ಸಂಗಮ, ನಿಮ್ಮ ಚೆಲುವಿಗೆ ಹೊಸ ಮೆರುಗು" ಅಂತ ಬರ್ದಿದ್ದೆ. ಸಾವ್ಕಾರ್ರು ಓದಿ, ಚಲೋ ಐತಿ ಆದ್ರ ಎಲ್ಲಾರದೂ ಹಿಂಗ ಐತಲ್ಲೋ ತಮ್ಮ ಅಂದ್ರು. ಏನ ತಪ್ಪಾತ್ರಿ?

ಉತ್ತರ: ತಮ್ಮ, ಸಾವ್ಕಾರ್ರು ಖರೆ ಹೇಳ್ಯಾರ. ಈ ಸಾಲ ಒಯ್ದು ಟೈಲ್ಸ್ ಅಂಗಡಿಗೆ ಹಾಕು, ಹೊಂದತೈತಿ. ಬ್ಯೂಟಿ ಪಾರ್ಲರಿಗೂ ಹೊಂದತೈತಿ. ನೀ ಇರೂದ ಇಳಕಲ್‌ದಾಗ, ಓಣ್ಯಾಗ ಮಗ್ಗದ ಸಪ್ಪಳ ಕೇಳ್ಕೋತ ಬೆಳದಾಂವ, ನಿನಗ ಬರಿಯಾಕ ಬ್ಯಾರೆ ಏನೂ ಸಿಗಲಿಲ್ಲೇನ?

ಮಗ್ಗದ ಬಾಜೂಕ ಹೋಗಿ ಒಂದ ತಾಸ ಕುಂದರು. ಇಳಕಲ್ ಸೀರಿ ಒಡಲಿನ ಹಾಸು (ಮಗ್ಗದ ಮ್ಯಾಲ ಉದ್ದಕ ಎಳದ ನೂಲು) ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡನ್ನೂ ಎಳಿಗಿ ಎಳಿ ಕೊಂಡಿ ಹಾಕಿ ಜೋಡಸ್ತಾರ, ಅದಕ್ಕ ಒಂದ ಸೀರಿಗಿ ಒಂದ ಹಾಸ ತಯಾರ ಮಾಡ್ಬೇಕಾಗ್ತೈತಿ. ಎರಡೂ ಹಾಸು ಕೂಡೂ ಕಡಿ ಆ ಕೊಂಡಿ ಗೆರಿ ಇರ್ತೈತಿ, ಬಟ್ಟ ಆಡಿಸಿದ್ರ ಗೊತ್ತಾಗ್ತೈತಿ. ಪುಣೇದಾಗ ಕುಂತು ಫೋನಿನ್ಯಾಗ ಸೀರಿ ನೋಡಾಕಿ ಹೆಣಮಗಳಿಗೆ ಇದು ಗೊತ್ತಿಲ್ಲ. "ಸೆರಗ ಒಡಲು ಕೂಡೂ ಜಾಗದಾಗ ಬೆರಳಾಡ್ಸಿ ನೋಡ್ರಿ, ಸಣ್ಣ ಗೆರಿ ಹತ್ತತೈತಿ. ಅದು ನಮ್ಮ ನೇಕಾರ್ರು ಕೈಯಿಂದ ಹಾಕಿದ ಕೊಂಡಿ." ಇಷ್ಟ ಬರದ್ರ ಸಾಕಾಗಿತ್ತು, ಆ ಸಾಲ ಟೈಲ್ಸಿಗೆ ಹೊಂದಂಗಿಲ್ಲ.

ಆಮ್ಯಾಲ ಅಂಗಡ್ಯಾಗ ಒಂದ ಮಧ್ಯಾಹ್ನ ಸುಮ್ನ ಕುಂತು, ಗಿರಾಕಿ ಏನ ಕೇಳ್ತಾರ ಅಂತ ಡೈರ್ಯಾಗ ಬರ್ಕೊ. ಬಣ್ಣ ಬಿಡತೈತೇನ್ರಿ, ಜಂಪರ್ ಪೀಸ್ ಬರ್ತೈತೇನ್ರಿ, ಎಷ್ಟ ಮಾರು, ಸೆರಗ ರೇಷ್ಮಿದೋ ಆರ್ಟ್ ಸಿಲ್ಕಿನದೋ. ಆ ಪ್ರಶ್ನೆಗಳ ಉತ್ತರ ಬರ್ದ್ರ ಅರ್ಧ ವೆಬ್‌ಸೈಟ್ ಮುಗದಂಗ. ಇನ್ನೊಂದ ಮಾತ, ಕೈಮಗ್ಗದ್ದ ಅಂತ ಬರಿಯೂಕಿಂತ ಮೊದಲ ಕೈಮಗ್ಗದ್ದ ಹೌದಿಲ್ಲೋ ಕೇಳ್ಕೊ. ಇಳಕಲ್ ಸೀರಿಗೆ ಜಿಐ ಟ್ಯಾಗ್ (ಇದು ಈ ಊರಿನ ಮಾಲ ಅನ್ನೂ ಸರ್ಕಾರದ ಗುರುತು) ಐತಿ, ಪವರ್‌ಲೂಮ್ ಸೀರಿಗೆ ಆ ಮಾತ ಹಚ್ಚಿ ಮಾರಿದ್ರ ಅದು ದಾರಿ ತಪ್ಪಿಸೂ ಜಾಹೀರಾತ ಆಗ್ತೈತಿ, 2019ರ ಗ್ರಾಹಕರ ಸಂರಕ್ಷಣಾ ಕಾಯ್ದ್ಯಾಗ ಅದಕ್ಕ 10 ಲಕ್ಷದ ತನಕ ದಂಡ ಐತಿ. ದಂಡ ಸಾವ್ಕಾರ್ರದ, ಆದ್ರ ಹೆಸರ ಕೆಡೂದ ನಿನ್ನದೂ.

ಪ್ರಶ್ನೆ (ವಿಜಯಪುರ): ಒಂದ ಶಬ್ದಕ್ಕ ಎಷ್ಟ ರೇಟ್ ಹೇಳ್ಬೇಕ್ರಿ ಮೇಡಂ? ಒಂದ ಏಜೆನ್ಸಿಯವ್ರು ಶಬ್ದಕ್ಕ ಒಂದ ರೂಪಾಯಿ ಅಂತಾರ, ಇಂಗ್ಲಿಷಿಗೂ ಅಷ್ಟ ಕನ್ನಡಕ್ಕೂ ಅಷ್ಟ ಅಂತ.

ಉತ್ತರ: ಅಣ್ಣಾರ, ಇಲ್ಲೇ ನಾವ ಮೋಸ ಹೋಗೂದು. ಇಂಗ್ಲಿಷಿನ್ಯಾಗ ಐದಾರ ಶಬ್ದ ತಿನ್ನೂದನ್ನ ನಾವು "ಮಾಡಿಸಿಕೊಡಬೇಕಾಗುತ್ತದೆ" ಅಂತ ಒಂದರಾಗ ಮುಗಸ್ತೀವಿ. ಊರಿಂದ, ಮನಿಗೆ, ಕೈಯಾಗ, ಎಲ್ಲಾ ಪ್ರತ್ಯಯ ಹತ್ತಿ ಒಂದೊಂದ ಶಬ್ದ. ಅಷ್ಟ ವಿಷಯ ಅಷ್ಟ ಕೆಲಸ, ಎಣಿಸಿದಾಗ ಮಾತ್ರ ಕನ್ನಡದ್ದ ಕಡಿಮಿ ಬರ್ತೈತಿ. ಹಂಗಾಗಿ ಕನ್ನಡಕ್ಕ ಶಬ್ದದ ಲೆಕ್ಕ ಒಪ್ಪಬ್ಯಾಡ್ರಿ, ಒಪ್ಪೂದಾದ್ರ ಇಂಗ್ಲಿಷ್ ಮೂಲದ ಶಬ್ದ ಎಣಸ್ರಿ ಅಂತ ಕರಾರ ಮಾಡ್ಕೋರಿ.

ನಾ ಕೆಲಸಕ್ಕ ಇಷ್ಟ ಅಂತ ಹೇಳ್ತೀನಿ. ನಿಮ್ಮ ಕಡೇದ ಒಣದ್ರಾಕ್ಷಿ ಪ್ಯಾಕೆಟ್ ತಗೋರಿ. ಅದರ ಮ್ಯಾಲ ಬರೂದ 40 ಶಬ್ದ. ಶಬ್ದಕ್ಕ ರೂಪಾಯಿ ಅಂದ್ರ 40 ರೂಪಾಯಿ, ತಿಕೋಟಾಕ್ಕ ಹೋಗಿ ಬರೂ ಬಸ್ ಚಾರ್ಜಿಗೂ ಸಾಲಂಗಿಲ್ಲ (ನನಗೇನೋ ಶಕ್ತಿ ಯೋಜನ್ಯಾಗ ಬಸ್ ಫ್ರೀ, ನಿಮಗಿಲ್ಲಲ್ಲ). ಆದ್ರ ಆ 40 ಶಬ್ದ ಬರಿಯಾಕ ನಾ ಒಂದ ದಿನ ಶೆಡ್ಡಿನ್ಯಾಗ ನಿಂತು ಹಣ್ಣ ಹೆಂಗ ಒಣಗಸ್ತಾರ ನೋಡ್ಬೇಕು, ಹಸರಿಗೂ ಕಂದಿಗೂ ಫರಕ ಯಾಕ ಬರ್ತೈತಿ ಕೇಳ್ಬೇಕು, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿ ನಂಬರ, ಹಸರ ಚುಕ್ಕಿ, ನಿವ್ವಳ ತೂಕ, ಬ್ಯಾಚ್, ತಾರೀಖ ಎಲ್ಲಾ ಜಾಗದಾಗ ಅದಾವಿಲ್ಲೋ ನೋಡ್ಬೇಕು, ಆಮ್ಯಾಲ ಸಾವ್ಕಾರ್ರ ಮಗ, ಅಳಿಯ, ಲೆಕ್ಕ ಬರಿಯವ ಮೂರೂ ಮಂದಿ ಹೇಳಿದ ತಿದ್ದುಪಡಿ ಮಾಡ್ಬೇಕು. ಮೂರ ದಿನದ ಕೆಲಸ.

ದಿನಕ್ಕ ಎಷ್ಟ ಅಂತ ಹಿಂಗ ತಗೀರಿ. ಮನಿಗೆ ತಿಂಗಳಿಗೆ 30,000 ಬೇಕು, ನೆಟ್ಟು, ಕರೆಂಟು, ಓಡಾಟ, ಲ್ಯಾಪ್‌ಟಾಪ್ ರಿಪೇರಿ 5,000 ಅಂತ ಹಿಡೀರಿ, ಒಟ್ಟ 35,000. ತಿಂಗಳದಾಗ 25 ದಿನ ಕೆಲಸ ಮಾಡಿದ್ರೂ ಅರ್ಧ ದಿನ ಗಿರಾಕಿ ಹುಡಕೂದು, ಬಿಲ್ಲ ಕಳ್ಸೂದು, ರೊಕ್ಕಾ ಕೇಳೂದರಾಗ ಹೋಗ್ತಾವ. ರೊಕ್ಕಾ ತರೂ ದಿನ 12 ಅಂತ ತಿಳ್ಕೋರಿ. 35,000 ಭಾಗಿಸು 12, ದಿನಕ್ಕ 2,900 ಚಿಲ್ಲರ ಬರ್ತೈತಿ. ಇದರ ಕೆಳಗ ಇಳದ್ರ ನೀವ ಕೈಯಿಂದ ಹಾಕಿ ಬರೀತೀರಿ ಅಂತ ಅರ್ಥ. ನಾ ಶುರುವಿಗೆ ಎಂಟ ಪುಟದ ಪುಸ್ತಿಕಿಗೆ 800 ರೂಪಾಯಿ ತಗೊಂಡು ಖುಷಿಲೆ ಕುಂದಾ ತಿಂದು ಬಂದಿದ್ದೆ, ಲೆಕ್ಕ ಹಾಕೂ ಬುದ್ಧಿ ಬರಾಕ ಎರಡ ವರ್ಷ ಹಿಡೀತು.

ಪ್ರಶ್ನೆ (ಬೆಳಗಾವಿ, ಟಿಳಕವಾಡಿ): ಬರಿಯಾಕ ಬರ್ತೈತ್ರಿ, ಆದ್ರ ಕೆಲಸ ಕೊಡ್ರಿ ಅಂತ ಕೇಳಾಕ ನಾಚಿಕಿ ಬರ್ತೈತಿ. ಇನ್‌ಸ್ಟಾಗ್ರಾಮ್ ಪೇಜ್ ಮಾಡಿ ಆರ ತಿಂಗಳಾತು, ಒಂದೂ ಗಿರಾಕಿ ಬಂದಿಲ್ಲ.

ಉತ್ತರ: ನಿಮ್ಮ ಪೇಜ್ ನೋಡಿದೆ ತಂಗಿ, ಬಣ್ಣ ಚಂದ ಅದಾವ. ಆದ್ರ ಉದ್ಯಮಬಾಗದಾಗ ಫೌಂಡ್ರಿ ನಡಸಾಂವ ಇನ್‌ಸ್ಟಾಗ್ರಾಮಿನ್ಯಾಗ ಬರಿಯವ್ರನ್ನ ಹುಡಕಂಗಿಲ್ಲ. ಅಂವಾ ಕ್ಯಾಟಲಾಗ್ ಮಾಡ್ಸೂಮುಂದ ಎಲ್ಲಿ ಹೋಗ್ತಾನ? ಪ್ರಿಂಟಿಂಗ್ ಪ್ರೆಸ್ಸಿಗೆ, ಇಲ್ಲಾ ಡಿಸೈನ್ ಮಾಡೂ ಹುಡುಗನ ಕಡಿ. ಅಲ್ಲಿ ಹೋಗಿ ಕುಂದರ್ರಿ. ನನ್ನ ಗಿರಾಕಿಗಳಾಗ ಅರ್ಧಕ್ಕಿಂತ ಹೆಚ್ಚ ಮಂದಿ ಪ್ರೆಸ್ಸಿನವ್ರ ಕಡಿಂದ ಬಂದವ್ರು. ಪ್ರೆಸ್ಸಿನವ್ರಿಗೆ ದೊಡ್ಡ ತಾಪತ್ರಯ ಏನಂದ್ರ, ಗಿರಾಕಿ ಮ್ಯಾಟರ್ ಕೊಡಂಗಿಲ್ಲ, ನಾಳೆ ಕೊಡ್ತೀನಿ ಅಂತ 15 ದಿನ ತಳ್ಳತಾನ, ಮಷೀನ್ ಖಾಲಿ ನಿಂದರ್ತೈತಿ. ಮ್ಯಾಟರ್ ನಾ ತಂದ ಕೊಡ್ತೀನಿ ಅಣ್ಣಾ ಅಂದ್ರ ಅವ್ರ ಚಹಾ ತರಿಸಿ ಕುಡಸ್ತಾರ.

ಫೋನ್ ಮಾಡೂದಾದ್ರ ಅಂಗಡಿಯವ್ರಿಗೆ ಮಧ್ಯಾಹ್ನ ಮೂರರ ಸುಮಾರ ಮಾಡ್ರಿ, ಗಿರಾಕಿ ತುಂಬಿದ ಹೊತ್ತಿನ್ಯಾಗ ಬ್ಯಾಡ. "ನಾನು ಕಂಟೆಂಟ್ ರೈಟರ್" ಅಂದ್ರ ಅರ್ಧ ಮಂದಿಗೆ ತಿಳ್ಯಂಗಿಲ್ಲ, ಇನ್ನರ್ಧ ಮಂದಿ ಇನ್ಶುರೆನ್ಸ್ ಅಂತ ತಿಳದು ಫೋನ್ ಇಡ್ತಾರ. "ಸರ್, ನಿಮ್ಮ ಕರಪತ್ರ ನೋಡಿದೆ, ಅದರಾಗ ಅಂಗಡಿ ಎಷ್ಟಕ್ಕ ತಗೀತೈತಿ, ರವಿವಾರ ಚಾಲೂ ಇರ್ತೈತೋ ಇಲ್ಲೋ ಅನ್ನೂದ ಇಲ್ಲ, ಮುಂದಿನ ಸಲ ನಾ ಬರ್ದುಕೊಡ್ಲೇನ್ರಿ?" ಇಷ್ಟ ಸಾಕು. ನಾಚಿಕಿ ಎಲ್ಲಿ ಬಂತ್ರಿ ಇದರಾಗ, ತರಕಾರಿ ಮಾರಾಕಿ ಓಣ್ಯಾಗ ಕೂಗೂದಕ್ಕ ನಾಚ್ಕೊಂಡ್ರ ಬದನಿಕಾಯಿ ಬುಟ್ಟ್ಯಾಗ ಬಾಡ್ತಾವ. 50 ಹೆಸರಿನ ಪಟ್ಟಿ ಮಾಡ್ರಿ, ದಿನಕ್ಕ ಐದ ಮಂದಿಗೆ ಮಾತಾಡ್ರಿ, ಇಲ್ಲ ಅಂದವ್ರ ಹೆಸರ ಅಳಸಬ್ಯಾಡ್ರಿ, ದೀಪಾವಳಿ ಮುಂದ ಒಮ್ಮಿ, ಶಾಲಿ ಅಡ್ಮಿಷನ್ ಮುಂದ ಒಮ್ಮಿ ಮತ್ತ ಮಾತಾಡ್ರಿ.

ಪರದೇಶಕ್ಕ ಮಾಲ ಕಳಸೂ ಕಂಪನಿಗಳಿಗೆ ಮಾತ್ರ ಲಿಂಕ್ಡ್‌ಇನ್ ಉಪಯೋಗ ಆಗ್ತೈತಿ. ಫೈವರ್ ಅನ್ನೂ ಆನ್‌ಲೈನ್ ಕೆಲಸದ ಸಂತ್ಯಾಗೂ ಕೆಲಸ ಸಿಗ್ತಾವ, ಆದ್ರ ನೀವ ಗಳಿಸಿದ 100ರಾಗ 20 ಅವ್ರ ಹಿಡ್ಕೋತಾರ, ರೇಟ್ ಹಾಕೂಮುಂದ ಅದನ್ನ ಸೇರಸ್ರಿ.

ಪ್ರಶ್ನೆ (ಬೆಳಗಾವಿ): ಎರಡ ಕಂಪನಿಯವ್ರು ನಾಕ ತಿಂಗಳಿಂದ ರೊಕ್ಕಾ ಕೊಟ್ಟಿಲ್ಲ. ಕೇಳಿದ್ರ "ಅಕೌಂಟ್ಸ್‌ನವ್ರು ರಜಾದ ಮ್ಯಾಲ ಅದಾರ" ಅಂತಾರ. ಏನ ಮಾಡ್ಲಿ?

ಉತ್ತರ: ಆ ಅಕೌಂಟ್ಸ್‌ನವ್ರು ಎಲ್ಲಾ ಕಂಪನ್ಯಾಗೂ ರಜಾದ ಮ್ಯಾಲನ ಇರ್ತಾರ ನೋಡ್ರಿ. ನಂದೂ ಒಂದ ಕತಿ ಐತಿ. ಒಂದ ಕಂಪನಿಗೆ 14 ಪುಟದ ಬ್ರೋಷರ್, ಕ್ಯಾಲೆಂಡರಿಗೆ 12 ತಿಂಗಳದ್ದ 12 ಮಾತು ಬರ್ದುಕೊಟ್ಟೆ, ಬಾಯಿಮಾತಿನ್ಯಾಗ 22,000 ಅಂತ ಆಗಿತ್ತು. ಬ್ರೋಷರ್ ಅಚ್ಚಾತು, ಕ್ಯಾಲೆಂಡರ್ ಹಂಚಿದ್ರು, ನನಗೂ ಒಂದ ಕಳ್ಸಿದ್ರು. ರೊಕ್ಕಾ ಇವತ್ತಿಗೂ ಬಂದಿಲ್ಲ. ವರ್ಷ ಪೂರ್ತಿ ಹಾಲಿನ ಲೆಕ್ಕ ಆ ಕ್ಯಾಲೆಂಡರಿನ ಮ್ಯಾಲ ಬರ್ದೆ. 22,000ದ ಕ್ಯಾಲೆಂಡರ್ ನಮ್ಮ ಓಣ್ಯಾಗ ಯಾರ ಮನ್ಯಾಗೂ ಇಲ್ಲ.

ಅವತ್ತಿನಿಂದ ಅರ್ಧ ರೊಕ್ಕಾ ಮುಂಗಡ ಬಂದಮ್ಯಾಲನ ಪೆನ್ ಹಿಡೀತೀನಿ. ಕರಾರ ಅಂದ್ರ ಸ್ಟ್ಯಾಂಪ್ ಪೇಪರ್ ಬೇಕಂತಿಲ್ಲ, ಒಂದ ಇಮೇಲ್ ಸಾಕು: ಏನ ಬರಿಯೂದು, ಎಷ್ಟ ಸಲ ತಿದ್ದಿಕೊಡೂದು (ನಾ ಎರಡ ಸಲ ಅಂತೀನಿ, ಮೂರನೇದಕ್ಕ ಬ್ಯಾರೆ ರೊಕ್ಕಾ), ಎಷ್ಟ ದಿನದಾಗ ಪಾವತಿ. ಅವ್ರಿಂದ "ಒಪ್ಪಿಗೆ" ಅಂತ ಒಂದ ಮಾತ ವಾಪಸ್ ಬರಸ್ಕೋರಿ.

ಇನ್ನೊಂದ ಕೆಲಸ, ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಸರ್ಕಾರದಾಗ ಹೆಸರ ಹಚ್ಚೂದು) ಮಾಡ್ಸ್ರಿ. ಬರಿಯೂದೂ ಸೇವಾ ಉದ್ಯಮನ. ಆಧಾರ್, ಪ್ಯಾನ್ ಸಾಕು, ಸರ್ಕಾರದ ಪೋರ್ಟಲ್‌ದಾಗ ಒಂದ ಪೈಸೆ ಶುಲ್ಕ ಇಲ್ಲ, 2,000 ಕೊಡ್ರಿ ಮಾಡಿಕೊಡ್ತೀವಿ ಅನ್ನೂ ವೆಬ್‌ಸೈಟಿಗೆ ಹೋಗಬ್ಯಾಡ್ರಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮಕ್ಕ ಕೊಡೂ ರೊಕ್ಕಾ, ಕರಾರಿದ್ರ ಹೆಚ್ಚಂದ್ರ 45 ದಿನದಾಗ, ಕರಾರಿಲ್ಲಂದ್ರ 15 ದಿನದಾಗ ಕೊಡ್ಬೇಕು. ತಡಾ ಮಾಡಿದ್ರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರ ಪಟ್ಟ ಬಡ್ಡಿ, ಅದೂ ತಿಂಗಳ ತಿಂಗಳ ಚಕ್ರಬಡ್ಡಿ. ಕೊಡಲಿಲ್ಲಂದ್ರ ಸರ್ಕಾರದ ಎಂಎಸ್‌ಎಂಇ ಪೋರ್ಟಲ್‌ದಾಗ ದೂರ ಕೊಡಾಕ ಬರ್ತೈತಿ. ಮ್ಯಾಲ 2024-25ರ ಅಸೆಸ್‌ಮೆಂಟ್ ವರ್ಷದಿಂದ ಆದಾಯ ತೆರಿಗ್ಯಾಗ ಒಂದ ಹೊಸಾ ಬಿಗಿ ಬಂದೈತಿ, ಇಂಥಾ ಬಿಲ್ಲ ಹೊತ್ತಿಗೆ ಕೊಡದಿದ್ರ ಅದನ್ನ ಕಂಪನಿಯವ್ರು ಆ ವರ್ಷದ ಖರ್ಚಿನ್ಯಾಗ ತೋರ್ಸಾಕ ಬರಂಗಿಲ್ಲ, ಖರೆ ಖರೆ ಕೊಟ್ಟ ವರ್ಷನ ತೋರಿಸ್ಬೇಕು. ಅದಕ್ಕ ನಾ ಬಿಲ್ಲಿನ ಕೆಳಗ ಉದ್ಯಮ್ ನಂಬರ್ ದಪ್ಪ ಅಕ್ಷರದಾಗ ಹಾಕ್ತೀನಿ, ಮಾರ್ಚ್ ಬಂತಂದ್ರ ಅವ್ರ ಸಿಎನ ಫೋನ್ ಮಾಡಿ ನಿಮ್ಮದೇನರ ಬಾಕಿ ಐತೇನ್ರಿ ಅಂತ ಕೇಳ್ತಾರ! ನೋಂದಣಿ ಮಾತ್ರ ಕೆಲಸ ಹಿಡಿಯೂಕಿಂತ ಮೊದಲ ಆಗಿರ್ಬೇಕು, ಜಗಳ ಶುರುವಾದಮ್ಯಾಲ ಮಾಡ್ಸಿದ್ರ ಹಳೆ ಬಿಲ್ಲಿಗೆ ಹತ್ತೂದ ಕಷ್ಟ.

ಇದರ ಜೋಡಿ ಇನ್ನೊಂದ ತಿಳ್ಕೋರಿ. ನೀವ ಅವ್ರ ಪಗಾರದ ನೌಕರರಲ್ಲ, ಹಂಗಾಗಿ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರ್ದದ್ದ ಸಾಮಾನ್ಯವಾಗಿ ಬರ್ದವ್ರದ್ದ, ಲಿಖಿತದಾಗ ಬಿಟ್ಟುಕೊಟ್ರನ ಅವ್ರದ್ದಾಗೂದು. ಅದಕ್ಕ ನನ್ನ ಇಮೇಲಿನ ಕಡೀ ಸಾಲ ಯಾವಾಗಲೂ ಇದ: ಪೂರ್ತಿ ಹಣ ಸಂದಾಯವಾದ ಮೇಲೆ ಹಕ್ಕು ನಿಮ್ಮದು.

ಪ್ರಶ್ನೆ (ಗೋಕಾಕ): ಒಬ್ರು ಸಕ್ಕರಿ ಕಾಯಿಲೆ ಮೂರ ತಿಂಗಳದಾಗ ಬುಡಮಟ್ಟ ಹೋಗ್ತೈತಿ ಅಂತ ಪುಡಿ ಜಾಹೀರಾತ ಬರೀರಿ ಅಂತಾರ. ಚಲೋ ರೊಕ್ಕಾ ಐತ್ರಿ.

ಉತ್ತರ: ಬ್ಯಾಡ್ರಿ. 1954ರ ಕಾಯ್ದ್ಯಾಗನ ಸಕ್ಕರಿ ಕಾಯಿಲೆ ವಾಸಿ ಮಾಡ್ತೀವಿ ಅನ್ನೂ ಔಷಧ ಜಾಹೀರಾತ ನಿಷೇಧ ಐತಿ. ಕಾಯ್ದೆ ಬಿಡ್ರಿ, ನಿಮ್ಮ ಜಾಹೀರಾತ ಓದಿ ಯಾವದೋ ಊರಿನ ಮುತ್ಯಾ ಇನ್ಸುಲಿನ್ ಬಿಟ್ರ? ಗೋಕಾಕದಾಗ ಕರದಂಟ ಅಂಗಡಿಗಳೇನ ಕಡಿಮಿ ಅದಾವೇನು, ಅಲ್ಲಿ ಕೇಳ್ರಿ.

ಪ್ರಶ್ನೆ (ಬಾಗಲಕೋಟ, ನವನಗರ): ಚಾಟ್‌ಜಿಪಿಟಿ ಪುಕ್ಕಟ ಬರ್ದುಕೊಡೂಮುಂದ ನಮಗ್ಯಾರ ರೊಕ್ಕಾ ಕೊಡ್ತಾರ್ರಿ?

ಉತ್ತರ: "ಗ್ರಾಹಕರ ಸಂತೃಪ್ತಿಯೇ ನಮ್ಮ ಧ್ಯೇಯ" ಅಂತ ಬರಿಯವ್ರಿಗೆ ಯಾರೂ ಕೊಡಂಗಿಲ್ಲ, ಅದು ಖರೆ, ಸುಳ್ಳ ಧೈರ್ಯ ಹೇಳಂಗಿಲ್ಲ. ಸಣ್ಣ ಕೆಲಸ ಭಾಳ ಹೋಗ್ಯಾವ, ನನ್ನವೂ ಹೋಗ್ಯಾವ. ಆದ್ರ ಹೋದ ತಿಂಗಳ ಒಬ್ರು ಹನಿ ನೀರಾವರಿ ಪೈಪಿನ ಕರಪತ್ರ ಮಷೀನಿಂದ ಬರಸ್ಕೊಂಡ ಬಂದಿದ್ರು. "ನಮ್ಮ ನವೀನ ಪರಿಹಾರಗಳು ನಿಮ್ಮ ಕೃಷಿ ಪಯಣವನ್ನು ಸಬಲಗೊಳಿಸುತ್ತವೆ." ಕಬ್ಬ ಬೆಳಿಯವ್ನ ಕೈಯಾಗ ಅದನ್ನ ಕೊಟ್ವಿ, ಓದಿ, "ಪೈಪ್ ಇಲಿ ಕಡದ್ರ ಬದ್ಲಿ ಕೊಡ್ತೀರೇನ್ರಿ?" ಅಂದ. ಕರಪತ್ರದಾಗ ಇಲಿ ಮಾತ ಇರಲೇ ಇಲ್ಲ. ಹೊಲಕ್ಕ ಹೋಗಿ ಕೇಳಿದವ್ರಿಗೆ ಗೊತ್ತಾಗೂದದು. ಈಗ ಆ ಕರಪತ್ರದ ಮೊದಲನೇ ಸಾಲ ಇಲಿದ.

ಪ್ರಶ್ನೆ (ಬೆಳಗಾವಿ, ಶಹಾಪುರ): ಗಿರಾಕಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬೇಕಂತಾರ.

ಉತ್ತರ: ನಿಮಗ ಯಾವದ ಪಕ್ಕಾ ಬರ್ತೈತಿ ಅದನ್ನ ನೀವ ಬರೀರಿ, ಉಳಿದದ್ದಕ್ಕ ಜೋಡೀದಾರ್ರನ್ನ ಹುಡುಕ್ರಿ, ರೇಟಿನ್ಯಾಗ ಅವ್ರದ್ದ ಸೇರಸ್ರಿ. ಮಾತಾಡಾಕ ಬರೂದು ಬ್ಯಾರೆ, ಅಚ್ಚ ಹಾಕೂವಷ್ಟ ಬರೂದು ಬ್ಯಾರೆ. 2024ರ ತಿದ್ದುಪಡಿ ಆದಮ್ಯಾಲ ಅಂಗಡಿ ಬೋರ್ಡಿನ್ಯಾಗ 60 ಪರ್ಸೆಂಟ್ ಕನ್ನಡ ಇರ್ಬೇಕು, ಬೋರ್ಡ್ ಬರಿಯವ್ರ ಜೋಡಿ ಗೆಳೆತನ ಮಾಡ್ಕೋರಿ, ಬೋರ್ಡಿಗೆ ಬಂದವ್ರು ಮುಂದ ಬಿಲ್ ಬುಕ್ಕಿಗೂ ಕರಪತ್ರಕ್ಕೂ ಬರ್ತಾರ.

ಪ್ರಶ್ನೆ (ಮುಧೋಳ): ನಾ ಸರಿಯಾಗೇ ಟೈಪ್ ಮಾಡಿ ಕಳ್ಸಿದ್ದೆ, ಅಚ್ಚಾಗಿ ಬಂದಮ್ಯಾಲ ನೋಡಿದ್ರ "ಕಾರ್ಯಕ್ರಮ" ಪೂರಾ ಕೆಟ್ಟೈತಿ. ಬೈಸ್ಕೊಂಡದ್ದ ನಾ.

ಉತ್ತರ: ಅರ್ಕಾವೊತ್ತ ತಿಂದ ರೊಕ್ಕಾ ಯಾರೂ ಲೆಕ್ಕ ಹಾಕಿಲ್ಲ. ನೀವ ಕಳ್ಸಿದ್ದ ಯೂನಿಕೋಡ್ (ಈಗ ಫೋನು, ನೆಟ್ಟಿನ್ಯಾಗ ನಡಿಯೂ ಅಕ್ಷರ), ಪ್ರೆಸ್ಸಿನವ್ರು ಹಳೆ ಪೇಜ್‌ಮೇಕರ್, ಕೋರೆಲ್ ಡ್ರಾದಾಗ ನುಡಿ ಅನ್ನೂ ಹಳೆ ನಮೂನಿ ಅಕ್ಷರ ವಾಪರ್ಸ್ತಾರ, ಕನ್ವರ್ಟ್ ಮಾಡೂಮುಂದ ಒತ್ತಕ್ಷರ, ಅರ್ಕಾವೊತ್ತ ಉದುರ್ತಾವ. ಮ್ಯಾಟರ್ ಜೋಡಿ ಯಾವಾಗಲೂ ಒಂದ ಪಿಡಿಎಫ್ ಕಳಸ್ರಿ, ನೋಡಿ ತಾಳೆ ಹಾಕ್ಕೊಳ್ಳಾಕ ಬರ್ತೈತಿ. ಕಡೀ ಪ್ರೂಫ್ ನೀವ ನೋಡಿ ಸಹಿ ಮಾಡದನ ಅಚ್ಚಿಗೆ ಬಿಡಬ್ಯಾಡ್ರಿ. ಫೋನ್ ನಂಬರ್ ಮಾತ್ರ ಓದಬ್ಯಾಡ್ರಿ, ಹಚ್ಚಿ ನೋಡ್ರಿ. ಯಾರ ಫೋನ್ ರಿಂಗಾಗ್ತೈತಿ ಅನ್ನೂದು ಅಚ್ಚಿಗಿಂತ ಮೊದಲ ಗೊತ್ತಾಗ್ಲಿ.

ಪ್ರಶ್ನೆ (ವಿಜಯಪುರ): ಜಿಎಸ್‌ಟಿ ಮಾಡಸ್ಬೇಕೇನ್ರಿ? ಒಬ್ರು 10 ಪರ್ಸೆಂಟ್ ಕಟ್ ಮಾಡಿ ಕೊಟ್ಟಾರ, ಮೋಸ ಮಾಡಿದ್ರೇನು?

ಉತ್ತರ: ಸೇವಾ ಕೆಲಸಕ್ಕ ವರ್ಷಕ್ಕ 20 ಲಕ್ಷ ದಾಟೂತನಕ ಜಿಎಸ್‌ಟಿ ನೋಂದಣಿ ಬೇಕಿಲ್ಲ, ದಾಟಿದ್ರ ಪೇಢೆ ಹಂಚ್ರಿ, ನನಗೂ ಕಳಸ್ರಿ. ಕಟ್ ಮಾಡಿದ್ದ ಟಿಡಿಎಸ್ (ರೊಕ್ಕಾ ಕೊಡೂಮುಂದನ ಮುರ್ಕೊಳ್ಳೂ ಆದಾಯ ತೆರಿಗೆ), ಮೋಸ ಅಲ್ಲ. ಆದ್ರ ಅದನ್ನ ನಿಮ್ಮ ಪ್ಯಾನ್ ಮ್ಯಾಲ ಕಟ್ಯಾರಿಲ್ಲೋ ಆದಾಯ ತೆರಿಗೆ ಪೋರ್ಟಲ್‌ದಾಗ ನೋಡ್ರಿ. ಕಟ್ಟಿದ್ರ ರಿಟರ್ನ್ ಹಾಕಿದಾಗ ನಿಮ್ಮ ತೆರಿಗ್ಯಾಗ ಮುರ್ಕೊಂಡು ಹೆಚ್ಚಾದದ್ದು ವಾಪಸ್ ಬರ್ತೈತಿ, ಕಟ್ಟಿಲ್ಲಂದ್ರ ಆಗ ಜಗಳ ತಗೀರಿ.

ಪ್ರಶ್ನೆ (ಬಾದಾಮಿ): ವಿಸಿಟಿಂಗ್ ಕಾರ್ಡ್ ಹೊಡಸ್ಬೇಕೇನ್ರಿ ಅಕ್ಕಾರ?

ಉತ್ತರ: ಹೊಡಸ್ರಿ, 100 ಸಾಕು. ಸಾವಿರಕ್ಕ ಅಗ್ಗ ಬೀಳತೈತಿ ಅಂತ ಪ್ರೆಸ್ಸಿನವ್ರು ಹೇಳ್ತಾರ, ಕೇಳಬ್ಯಾಡ್ರಿ. ನಾ ಕೇಳಿದ್ದೆ. ಮರು ವರ್ಷನ ನಂಬರ್ ಬದ್ಲಿ ಆತು. ಈಗ ಅವುಗಳ ಹಿಂದಗಡೆ ಕಿರಾಣಿ ಚೀಟಿ ಬರೀತೀವಿ, ಇನ್ನೂ ಎರಡ ಡಬ್ಬಿ ಅದಾವ.